ಯಾವುದು ಕಲ್ಲು, ಯಾವುದು ಅದಿರು?

(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)

ನಿಮ್ಮಲ್ಲಿ ಭೂವಿಜ್ಞಾನ ಓದೋರು ಕೆಲವರಿದ್ದೀರಿ. ಅದಿರು ಅಂದರೇನು ಅಂತ ಪರೀಕ್ಷೆಯಲ್ಲಿ ಕೇಳಿದರೆ 'ಲೋಹ ಇರುವ ಕಲ್ಲು' ಅಂತ ಬರೆದು ಬರಬೇಡಿ. ಅದು ಅರ್ಧ ಉತ್ತರ. ನಮ್ಮೂರ ಬಂಡೆಯಲ್ಲೂ ಕಬ್ಬಿಣ, ಅಲ್ಯೂಮಿನಿಯಂ ಇರುತ್ತೆ. ಅದನ್ನು ಯಾರೂ ಅದಿರು ಅನ್ನೋದಿಲ್ಲ. ತೆಗೆಯುವ ಖರ್ಚು ಕಳೆದು ಲಾಭ ಉಳಿದರೆ ಮಾತ್ರ ಅದು ಅದಿರು. ಉಳಿಯದಿದ್ದರೆ ಬರೀ ಕಲ್ಲು.

ಕೋಲಾರದ ಚಿನ್ನದ ಗಣಿ ನೋಡಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಿತು. ಮೊದಮೊದಲು ಒಂದು ಟನ್ ಬೆಣಚುಕಲ್ಲಿಗೆ 40 ಗ್ರಾಂ ಮೇಲೆ ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ 3-4 ಗ್ರಾಮಿಗೆ ಇಳಿಯಿತು. ಗಣಿ 3 ಕಿಲೋಮೀಟರಿಗಿಂತ ಆಳ ಹೋಗಿತ್ತು. ನೀರೆತ್ತಬೇಕು, ತಂಪು ಗಾಳಿ ಇಳಿಸಬೇಕು, ಕಲ್ಲು ಮೇಲೆ ತರಬೇಕು. ಖರ್ಚು ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಒಳಗೆ ಚಿನ್ನ ಇನ್ನೂ ಇತ್ತು. ಆದರೆ ಲೆಕ್ಕದ ಪ್ರಕಾರ ಅದು ಅದಿರಾಗಿ ಉಳಿದಿರಲಿಲ್ಲ.

ಈಗ ಇನ್ನೊಂದು ಕೇಳಿ. ಅರೆದು, ಚಿನ್ನ ತೆಗೆದು, ಹೊರಗೆ ಸುರಿದ ಪುಡಿ ಅಲ್ಲಿ ಗುಡ್ಡ ಗುಡ್ಡವಾಗಿ ನಿಂತಿದೆ. ಜನ ಸೈನೈಡ್ ಗುಡ್ಡ ಅಂತಾರೆ. ಗಾಳಿ ಬೀಸಿದರೆ ಧೂಳು ಮನೆಯೊಳಗೆ. ಅದರಲ್ಲಿ ಟನ್ನಿಗೆ ಒಂದು ಗ್ರಾಂ ಚಿನ್ನವೂ ಇಲ್ಲ. ಆದರೆ ಅಗೆಯುವ, ಅರೆಯುವ ಖರ್ಚು ಆಗಲೇ ಮುಗಿದಿದೆ, ಚಿನ್ನದ ಬೆಲೆ ಏರಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯೋದಕ್ಕೆ ಒಪ್ಪಿಗೆ ಕೊಟ್ಟಿತು. ಕಸ ಅಂತ ಎಸೆದದ್ದು ಅದಿರಾಯಿತು!

ಅಂದರೆ ಅದಿರನ್ನು ತೀರ್ಮಾನ ಮಾಡೋದು ಲೆಕ್ಕದ ಪುಸ್ತಕ. ಆ ಪುಸ್ತಕದಲ್ಲಿ ಖರ್ಚು ಅಂತ ಏನೇನು ಬರೀತಾರೆ? ಕರೆಂಟು, ಮದ್ದು, ಯಂತ್ರ, ಕೂಲಿ. ಕೆಳಗೆ ಇಳಿದೋರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ನಮ್ಮ ದಲಿತ ಜನ. ಬಂಡೆ ಸಿಡಿದು ಸತ್ತರು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹಿಡಿದು ಉಸಿರಿಗೆ ಒದ್ದಾಡಿದರು. ಆ ಶ್ವಾಸಕೋಶಗಳ ಬೆಲೆಯನ್ನು ಪೂರ್ತಿ ಖರ್ಚಿಗೆ ಹಿಡಿದಿದ್ದರೆ ಎಷ್ಟೋ ಕಲ್ಲು ಅದಿರೇ ಆಗುತ್ತಿರಲಿಲ್ಲ. ಕಂಪನಿ ಲಾಭ ಅಂತ ತೋರಿಸಿದ್ದರಲ್ಲಿ ಒಂದು ಪಾಲು ಹೀಗೆ ಬರೆಯದೆ ಬಿಟ್ಟ ಖರ್ಚು.

ಆದ್ದರಿಂದ ಗೆಳೆಯರೇ, ಕಲ್ಲನ್ನು ಓದೋದು ಕಲೀರಿ, ಲೆಕ್ಕ ಓದೋದನ್ನೂ ಕಲೀರಿ. ಆ ಗುಡ್ಡ ಕರಗಿಸೋಕೆ ಯಂತ್ರ ಬಂದಾಗ, 'ಧೂಳು ಕುಡಿದವರ ಪಾಲು ಯಾವ ಸಾಲಿನಲ್ಲಿದೆ?' ಅಂತ ಕೇಳೋರು ನೀವೇ ಆಗಬೇಕು.