ಅನಾತೋತಿನ ಹೊಲ

ಹೊಲವನ್ನೋ ಮನೆಯನ್ನೋ ಒಮ್ಮೆಯಾದರೂ ಕೊಂಡವರಿಗೆ ಕ್ರಯಪತ್ರದ ಗಡಿಬಿಡಿ ಏನೆಂಬುದು ಗೊತ್ತು. ಚಕ್ಕುಬಂದಿ ಸರಿಯಾಗಿದೆಯೆ, ದಾಯಾದಿಗಳ ತಕರಾರೇನಾದರೂ ಉಂಟೆ, ಸಾಕ್ಷಿ ಹಾಕುವವರು ಯಾರು, ಹಣ ಎಣಿಸಿದ್ದು ಯಾರೆದುರಿಗೆ, ಎಲ್ಲವನ್ನೂ ನೋಡಬೇಕು. ಕಾಗದ ಮನೆಗೆ ಬಂದು ಪೆಟ್ಟಿಗೆಯ ತಳ ಸೇರಿದ ಮೇಲೆಯೇ ಯಜಮಾನನಿಗೆ ನಿದ್ದೆ. ಇಂಥದೊಂದು ಕ್ರಯಪತ್ರದ ವಿವರ ಸತ್ಯವೇದದಲ್ಲಿ ಬರುತ್ತದೆ ಎಂದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ದೇವರಲ್ಲಿ ಭರವಸೆ ಎಂದೊಡನೆ ನಮಗೆ ನೆನಪಾಗುವುದು ದಾವೀದನ ಕೀರ್ತನೆಗಳು, ಕುರಿ ಕಾಯುವವನು, ಹಸುರು ಹುಲ್ಲುಗಾವಲು. ನಾನು ಇಂದು ನಿಮ್ಮನ್ನು ಕರೆದೊಯ್ಯುವುದು ಸೆರೆಯಾಳು ಕುಳಿತಿರುವ ಒಂದು ಅಂಗಳಕ್ಕೆ.

ಕ್ರಿಸ್ತಪೂರ್ವ ೫೮೭ರ ಸುಮಾರು. ಯೆಹೂದದ ಕಡೆಯ ಅರಸ ಚಿದ್ಕೀಯನ ಆಳಿಕೆಯ ಹತ್ತನೆಯ ವರ್ಷ. ಬಾಬೆಲಿನ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಕೋಟೆಗೋಡೆಗೆ ಎದುರಾಗಿ ಮಣ್ಣಿನ ದಿಬ್ಬಗಳು ಏಳುತ್ತಿವೆ. ಒಳಗೆ ರೊಟ್ಟಿಗೆ ಬರ ಬರುತ್ತಿದೆ. ಪ್ರವಾದಿ ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಬಂದಿ. ಅವನ ಅಪರಾಧವೇನು? ಪಟ್ಟಣ ಶತ್ರುವಿನ ಕೈಸೇರುವುದು ಖಂಡಿತವೆಂದು ಬಹಿರಂಗವಾಗಿ ಸಾರಿದ್ದು. ಮುತ್ತಿಗೆಯ ದಿನಗಳಲ್ಲಿ ಇಂಥ ಮಾತನ್ನು ಯಾವ ಅರಸ ತಾನೆ ಸಹಿಸಿಯಾನು?

ಆ ಅಂಗಳಕ್ಕೆ ಒಂದು ದಿನ ಹನಮೇಲನೆಂಬುವನು ಬರುತ್ತಾನೆ. ಯೆರೆಮೀಯನ ದಾಯಾದಿ, ಅವನ ಚಿಕ್ಕಪ್ಪನೋ ದೊಡ್ಡಪ್ಪನೋ ಆದ ಶಲ್ಲೂಮನ ಮಗ. ಅನಾತೋತಿನ ನನ್ನ ಹೊಲವನ್ನು ನೀನು ಕೊಂಡುಕೋ ಎಂದು ಕೇಳುತ್ತಾನೆ. ಅನಾತೋತ್ ಇಬ್ಬರಿಗೂ ಹುಟ್ಟೂರು. ಪಟ್ಟಣದಿಂದ ಮೂರು ಮೈಲಿಯಷ್ಟು ದೂರ, ಈಶಾನ್ಯಕ್ಕೆ. ಅನಾತಾ ಎಂಬ ಹಳ್ಳಿ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಕುಲದ ಭೂಮಿ ಪರರ ಪಾಲಾಗದಂತೆ ಹತ್ತಿರದ ನಂಟನು ಅದನ್ನು ಬಿಡಿಸಿಕೊಳ್ಳಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ. ಕಟ್ಟಳೆಯೇನೋ ಸರಿ. ಆದರೆ ಸುತ್ತಲ ನಾಡೆಲ್ಲ ಬಾಬೆಲಿನವರ ಕಾಲಡಿಯಲ್ಲಿರುವಾಗ, ಕೊಳ್ಳುವವನು ಅಂಗಳ ದಾಟಲಾರದ ಬಂದಿಯಾಗಿರುವಾಗ, ಆ ಹೊಲಕ್ಕೆ ಬೆಲೆಯೆಲ್ಲಿ ಬಂತು? ಇನ್ನೊಂದು ಮಾತನ್ನೂ ಮರೆಯಬಾರದು. ಇದೇ ಅನಾತೋತಿನವರು ಹಿಂದೊಮ್ಮೆ ಯೆರೆಮೀಯನನ್ನು ಕೊಲ್ಲಲು ಹೊಂಚುಹಾಕಿದ್ದರು. ಆ ಊರಿನ ಮಣ್ಣಿಗೆ ಅವನು ಹಣ ಕೊಡಬೇಕಾಗಿತ್ತು!

ಹನಮೇಲ ಬರುವನೆಂದು ದೇವರು ಅವನಿಗೆ ಮೊದಲೇ ತಿಳಿಸಿದ್ದನು. ಆದರೂ ಅದು ದೇವರ ಮಾತೇ ಎಂದು ತನಗೆ ತಿಳಿದದ್ದು, ಹನಮೇಲ ನಿಜವಾಗಿ ಬಂದು ಎದುರಿಗೆ ನಿಂತ ಮೇಲೆ ಎಂದು ಯೆರೆಮೀಯ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಪ್ರವಾದಿಗಳಿಗೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದು ಭಾವಿಸಿ, ನಮಗೆ ಹಾಗೆ ಕಾಣಲಿಲ್ಲವಲ್ಲ ಎಂದು ಕೊರಗುವವರು ಈ ಸಾಲನ್ನು ನಿಧಾನವಾಗಿ ಓದಬೇಕು.

ಮುಂದಿನದು ಶುದ್ಧ ವ್ಯವಹಾರ. ಬೆಲೆ ೧೭ ಶೆಕೆಲ್ ಬೆಳ್ಳಿ. ಶೆಕೆಲ್ ಎಂದರೆ ಹೆಚ್ಚು ಕಡಮೆ ನಮ್ಮ ಒಂದು ತೊಲದ ತೂಕ. ಆ ನಾಡಿನಲ್ಲಿ ನಾಣ್ಯ ಇನ್ನೂ ಬಳಕೆಗೆ ಬಂದಿರಲಿಲ್ಲವಾಗಿ ಬೆಳ್ಳಿಯನ್ನು ತಕ್ಕಡಿಯಲ್ಲಿಟ್ಟು ತೂಗಿದರು. ಪತ್ರ ಬರೆದಾಯಿತು, ಸಾಕ್ಷಿಗಳು ರುಜು ಹಾಕಿದರು. ಮೊಹರು ಮಾಡಿದ್ದೊಂದು, ತೆರೆದದ್ದೊಂದು. ಈ ಎರಡರ ಏರ್ಪಾಡು ಏನಿದ್ದೀತೆಂಬುದಕ್ಕೆ ೧೯೬೧ರಲ್ಲಿ ಒಂದು ಸುಳಿವು ದೊರೆಯಿತು. ಮೃತಸಮುದ್ರದ ಬಳಿಯ ಗುಹೆಯೊಂದರಲ್ಲಿ ಬಾಬತಾ ಎಂಬ ಹೆಂಗಸಿನ ಕಾಗದಪತ್ರಗಳ ಕಟ್ಟು ಸಿಕ್ಕಿತು. ಅವು ಯೆರೆಮೀಯನಿಗಿಂತ ಏಳುನೂರು ವರ್ಷ ಈಚಿನವು. ಅವುಗಳಲ್ಲಿ ಕೆಲವು ಒಂದೇ ಹಾಳೆಯಲ್ಲಿ ಎರಡು ಸಲ ಬರೆದವು. ಮೇಲಿನ ಬರಹವನ್ನು ಸುತ್ತಿ, ದಾರ ಕಟ್ಟಿ, ಭದ್ರ ಮಾಡಿ, ಕೆಳಗಿನದನ್ನು ಓದಲು ತೆರೆದು ಬಿಟ್ಟಿದ್ದರು. ನಾಳೆ ವ್ಯಾಜ್ಯವೆದ್ದರೆ ಕಟ್ಟು ಬಿಚ್ಚಿ ಒಳಗಿನದನ್ನು ತೋರಿಸಬಹುದು. ಯೆರೆಮೀಯ ಎರಡನ್ನೂ ತನ್ನ ಲೇಖಕನಾದ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡಲು ಹೇಳಿದನು. ಇದು ಕವಿಕಲ್ಪನೆಯಲ್ಲ. ೧೯೪೭ರಲ್ಲಿ ಅದೇ ಮೃತಸಮುದ್ರದ ತೀರದ ಕುಮ್ರಾನಿನಲ್ಲಿ ಗಡಿಗೆಗಳೊಳಗಿನಿಂದ ಹೊರಬಂದ ಸುರುಳಿಗಳು ಸುಮಾರು ಎರಡು ಸಾವಿರ ವರ್ಷ ಬಾಳಿದ್ದವು.

ಅಂಗಳದಲ್ಲಿ ಕುಳಿತಿದ್ದ ಯೆಹೂದ್ಯರೆಲ್ಲ ಇದನ್ನು ನೋಡುತ್ತಿದ್ದರಂತೆ. ಪಟ್ಟಣ ಬೀಳುತ್ತದೆಂದು ಬೊಬ್ಬೆಯಿಟ್ಟವನೇ ಇವನು; ಈಗ ಭೂಮಿ ಕೊಳ್ಳುತ್ತಿದ್ದಾನೆ! ಅವರಲ್ಲಿ ಕೆಲವರಾದರೂ ನಕ್ಕಿರಬೇಕು.

ಯೆರೆಮೀಯನ ಪ್ರಾರ್ಥನೆ ಬರುವುದು ಇದೆಲ್ಲ ಮುಗಿದ ಮೇಲೆ. ನನಗೆ ತುಂಬ ಹಿಡಿಸಿದ್ದು ಈ ಕ್ರಮ. ಹಣ ತೂಗಿ, ಪತ್ರ ಭದ್ರ ಮಾಡಿಸಿ, ಆಮೇಲೆ ಅವನು ದೇವರ ಮುಂದೆ ಬಾಯಿಬಿಡುತ್ತಾನೆ. ಆಕಾಶಭೂಮಿಗಳನ್ನು ಮಾಡಿದ ನಿನಗೆ ಅಸಾಧ್ಯವಾದದ್ದೊಂದೂ ಇಲ್ಲವೆಂದು ಸ್ತುತಿಯಿಂದ ಆರಂಭಿಸುವವನು, ಕೊನೆಗೆ ಬಂದು ನಿಲ್ಲುವುದು ದಿಗಿಲಿನಲ್ಲಿ: ದಿಬ್ಬಗಳು ಗೋಡೆಯವರೆಗೆ ಬಂದಿವೆ, ಕತ್ತಿ ಬರ ವ್ಯಾಧಿಗಳು ಊರನ್ನು ತಿನ್ನುತ್ತಿವೆ, ನೀನೋ ಹೊಲ ಕೊಳ್ಳೆಂದೆಯಲ್ಲ! ದೇವರು ಅವನನ್ನು ಗದರಿಸುವುದಿಲ್ಲ. ಅವನ ಸ್ತುತಿಯ ಮಾತನ್ನೇ ಪ್ರಶ್ನೆಯಾಗಿ ಮಾಡಿ ಹಿಂದಕ್ಕೆ ಕೊಡುತ್ತಾನೆ. ಪಟ್ಟಣ ಸುಟ್ಟುಹೋಗುವುದನ್ನು ಅಲ್ಲಗಳೆಯದೆ, ಅದೇ ನಾಡಿನಲ್ಲಿ ಜನ ಮತ್ತೆ ಹೊಲಗಳನ್ನು ಕೊಂಡು ಪತ್ರ ಬರೆಸುವರೆಂದು ಮಾತು ಕೊಡುತ್ತಾನೆ.

ಇದಕ್ಕೆ ಕೆಲವು ವರ್ಷ ಹಿಂದೆ ಹನನ್ಯನೆಂಬ ಇನ್ನೊಬ್ಬ ಪ್ರವಾದಿಯಿದ್ದನು. ಎರಡೇ ವರ್ಷ, ಬಾಬೆಲಿನ ನೊಗ ಮುರಿಯುತ್ತದೆ ಎಂದು ದೇವಾಲಯದಲ್ಲಿ ಸಾರಿ, ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನೇ ಕಿತ್ತು ಮುರಿದನು. ಯೆರೆಮೀಯ ಹೇಳುತ್ತಿದ್ದದ್ದು ೭೦ ವರ್ಷ. ಕೇಳುವ ಕಿವಿಗೆ ಯಾವುದು ಇಂಪು ಎಂದು ಬೇರೆ ಹೇಳಬೇಕೆ?

ಹನನ್ಯನ ವಂಶ ಇನ್ನೂ ಅಳಿದಿಲ್ಲ. ಮನೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿರುವಾಗ, ನೋಡಲು ಬಂದವರು ಮಂಚದ ಪಕ್ಕ ಕುಳಿತು, ನಂಬಿಕೆಯಿದ್ದರೆ ಬರುವ ಹಬ್ಬದೊಳಗೆ ಎದ್ದು ಓಡಾಡುತ್ತೀರಿ ಎಂದು ಹೇಳಿ ಹೋಗುತ್ತಾರೆ. ಅವರ ಪ್ರೀತಿ ದೊಡ್ಡದು, ಅನುಮಾನವಿಲ್ಲ. ಆದರೆ ಹಬ್ಬ ಬಂದು ಹೋಗುತ್ತದೆ, ರೋಗಿ ಏಳುವುದಿಲ್ಲ. ಆಗ ಕಾಯಿಲೆಯ ಮೇಲೆ ಇನ್ನೊಂದು ಭಾರ: ನನ್ನ ನಂಬಿಕೆಯೇ ಸಾಲದಾಯಿತೇನೋ! ಇದು ಕ್ರೂರವಾದ ಲೆಕ್ಕ. ಯೆರೆಮೀಯನ ಪುಸ್ತಕದಲ್ಲಿ ಈ ಲೆಕ್ಕವಿಲ್ಲ. ಅಲ್ಲಿ ಕೆಟ್ಟ ಸುದ್ದಿಯನ್ನು ಕೆಟ್ಟ ಸುದ್ದಿಯೆಂದೇ ಹೇಳುವವನೂ ದೇವರನ್ನು ನೆಚ್ಚಿ ಬೆಳ್ಳಿ ತೂಗುವವನೂ ಒಬ್ಬನೇ. ಮಂಚದ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು, ಬೆಳಿಗ್ಗೆ ಎದ್ದು ಮಗುವಿನ ತಲೆ ಬಾಚಿ ಶಾಲೆಗೆ ಕಳಿಸುವ ತಾಯಿಗೆ ಅವನು ಬಹಳ ಹತ್ತಿರದವನೆಂದು ನನಗೆ ತೋರುತ್ತದೆ.

ಮುಂದೆ ಪಟ್ಟಣ ಬಿತ್ತು, ದೇವಾಲಯ ಉರಿಯಿತು. ಯೆರೆಮೀಯನನ್ನು ಅವನ ಜನರೇ, ಅವನ ಮಾತನ್ನು ಮೀರಿ, ಐಗುಪ್ತಕ್ಕೆ ಕರೆದೊಯ್ದರು. ಸತ್ಯವೇದದಲ್ಲಿ ಅವನ ಕೊನೆಯ ಮಾತು ಕೇಳುವುದು ಅಲ್ಲಿಂದ. ಆ ಹೊಲದಲ್ಲಿ ಅವನು ನೇಗಿಲು ಹೂಡಿದ ಸುದ್ದಿಯಿಲ್ಲ.

ಕ್ರಿಸ್ತಪೂರ್ವ ೫೩೯ರಲ್ಲಿ ಪಾರಸಿಯ ಅರಸ ಕೋರೆಷನು ಬಾಬೆಲನ್ನು ಗೆದ್ದು, ಸೆರೆಯವರು ತಮ್ಮ ನಾಡಿಗೆ ಮರಳಲು ಅಪ್ಪಣೆ ಕೊಟ್ಟನು. ಮರಳಿದವರ ಪಟ್ಟಿ ಎಜ್ರನ ಗ್ರಂಥದ ೨ನೆಯ ಅಧ್ಯಾಯದಲ್ಲಿದೆ. ಬರಿಯ ಹೆಸರುಗಳೂ ಅಂಕೆಗಳೂ ಆದ್ದರಿಂದ ಅದನ್ನು ಓದುವವರು ಕಡಮೆ. ನಿಮ್ಮಲ್ಲಿ ಪುಸ್ತಕವಿದ್ದರೆ, ಯೆರೆಮೀಯನ ೩೨ನೆಯ ಅಧ್ಯಾಯವನ್ನು ಓದಿ ಮುಗಿಸಿ, ಅಲ್ಲಿಗೆ ತಿರುವಿ ನೋಡಿ. ೨೩ನೆಯ ವಚನದಲ್ಲಿ ಅನಾತೋತಿನವರ ಲೆಕ್ಕ ಸಿಗುತ್ತದೆ: ೧೨೮ ಮಂದಿ. ಅವರಲ್ಲಿ ಯಾರಾದರೂ ಹೋಗಿ ಆ ಗಡಿಗೆಯನ್ನು ಹುಡುಕಿದರೋ ಇಲ್ಲವೋ, ಬರೆದಿಲ್ಲ.