ಕ್ಯಾನ್ಸರ್ ಚಿಕಿತ್ಸೆಯ ನಡುವೆ ಬರುವ ಜ್ವರ

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೋ ಎಲುಬಿಗೋ ಹರಡಿತೆಂದರೆ ಹಿಂದೆ ವೈದ್ಯರ ಕೈಯಲ್ಲಿ ಹೆಚ್ಚು ಉಪಾಯಗಳಿರಲಿಲ್ಲ. ಈಗ ಹಾಗಿಲ್ಲ. ಈ ರೋಗಕ್ಕೆಂದು ೨೦೦೬ರಲ್ಲಿ ಸುನಿಟಿನಿಬ್, ೨೦೦೯ರಲ್ಲಿ ಎವೆರೋಲಿಮಸ್, ೨೦೧೫ರಲ್ಲಿ ನಿವೊಲುಮಾಬ್ ಔಷಧಗಳಿಗೆ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ನಮ್ಮ ಟಿಟ್ವಾಳಾದ ಕಡೆಯ ರೋಗಿಗಳು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿ, ಗುಳಿಗೆ ಬರೆಸಿಕೊಂಡು ಮನೆಗೆ ಮರಳುವುದುಂಟು. ಆಮೇಲಿನ ಕಾವಲು ಮನೆಯವರದು. ಅದಕ್ಕಾಗಿಯೇ ಈ ನಾಲ್ಕು ಮಾತು.

ಈ ಔಷಧಗಳು ರೋಗನಿರೋಧಕ ಶಕ್ತಿಯನ್ನೂ ಕದಲಿಸಬಲ್ಲವು. ಸುನಿಟಿನಿಬ್ ರಕ್ತದ ಬಿಳಿಕಣಗಳನ್ನು ತಗ್ಗಿಸಬಹುದು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಿರಲೆಂದು ಕೊಡುವ ಔಷಧಗಳಲ್ಲಿ ಎವೆರೋಲಿಮಸ್ ಕೂಡ ಒಂದು. ಎಂದಮೇಲೆ ರೋಗಾಣುಗಳಿಗೂ ಬಾಗಿಲು ಸಡಿಲವಾಗುವುದು ಸಹಜ. ಅದರ ಮುಖ್ಯ ಪರೀಕ್ಷೆಯಲ್ಲಿ ಔಷಧ ಪಡೆದವರಲ್ಲಿ ನೂರಕ್ಕೆ ೩೭ ಮಂದಿಗೆ, ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ ೧೮ ಮಂದಿಗೆ ಸೋಂಕು ಕಂಡಿತು. ನಿವೊಲುಮಾಬ್ ನಿರೋಧಶಕ್ತಿಯನ್ನು ಕೆರಳಿಸುತ್ತದೆ; ಆ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗಿದರೆ ಸ್ಟಿರಾಯ್ಡ್ ಕೊಡಬೇಕಾಗುತ್ತದೆ. ಸ್ಟಿರಾಯ್ಡ್ ಹೆಚ್ಚು ದಿನ ನಡೆದರೆ ಸೋಂಕಿನ ಭಯ.

ನಮ್ಮ ದೇಶದಲ್ಲಿ ಇನ್ನೊಂದು ವಿಷಯವಿದೆ. ಕ್ಷಯದ ರೋಗಾಣು ಎಷ್ಟೋ ಜನರ ದೇಹದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಹೆಪಟೈಟಿಸ್ ಬಿ ವೈರಾಣುವೂ ಹಾಗೆಯೇ. ಚಿಕಿತ್ಸೆಯ ಕಾಲದಲ್ಲಿ ಇವು ಎಚ್ಚರಗೊಳ್ಳಬಹುದು. ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ, ರೋಗಿಗೆ ಎಂದಾದರೂ ಕಾಮಾಲೆಯಾಗಿತ್ತೇ ಎಂಬುದನ್ನು ನಾವು ಸಂಕೋಚಪಟ್ಟು ಮುಚ್ಚಿಡಬಾರದು. ಔಷಧ ಆರಂಭಿಸುವ ಮೊದಲೇ ವೈದ್ಯರಿಗೆ ಹೇಳಬೇಕು.

ಕೆಮ್ಮು, ಏದುಸಿರು ಬಂದರೆ "ಕ್ಯಾನ್ಸರ್ ಹೆಚ್ಚಿತು, ಇನ್ನೇನು" ಎಂದು ಕೈಚೆಲ್ಲುವುದು ಸಲ್ಲದು. ಅದು ನ್ಯುಮೋನಿಯಾ ಇರಬಹುದು, ಕ್ಷಯವಿರಬಹುದು, ಔಷಧದಿಂದಲೇ ಬಂದ ಶ್ವಾಸಕೋಶದ ಉರಿಯೂತವೂ ಇರಬಹುದು. ಇವಕ್ಕೆ ಚಿಕಿತ್ಸೆಯುಂಟು, ಆದರೆ ಒಂದರ ಮದ್ದು ಇನ್ನೊಂದಕ್ಕೆ ಆಗದು. ಪರೀಕ್ಷೆಯಾಗದೆ ತಿಳಿಯದು.

ಜ್ವರ ೧೦೦.೪ ಡಿಗ್ರಿ ಮುಟ್ಟಿತೆಂದರೆ ಗುಳಿಗೆ ನುಂಗಿಸಿ ಬೆಳಗಿನವರೆಗೆ ಕಾಯುವುದು ಬೇಡ. ಪರೇಲು ಇಲ್ಲಿಂದ ತಾಸಿಗೂ ಮೀರಿದ ದಾರಿ. ನಡುರಾತ್ರಿ ಲೋಕಲ್ ಗಾಡಿಯೂ ಇರುವುದಿಲ್ಲ. ಅಂಥ ವೇಳೆ ಕಲ್ಯಾಣದಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು, ಯಾರ ವಾಹನ ಸಿಗುತ್ತದೆ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳೋಣ. ಚೀಟಿ, ಔಷಧದ ಹೆಸರು, ವೈದ್ಯರ ದೂರವಾಣಿ ಸಂಖ್ಯೆ ಒಂದೇ ಚೀಲದಲ್ಲಿರಲಿ. ಔಷಧ ನಿಲ್ಲಿಸುವುದನ್ನಾಗಲಿ ಮುಂದುವರಿಸುವುದನ್ನಾಗಲಿ ವೈದ್ಯರೇ ನಿರ್ಧರಿಸಲಿ.

ನೆರೆಮನೆಯಲ್ಲಿ ಇಂಥ ರೋಗಿಯಿದ್ದರೆ ರಾತ್ರಿ ಬಾಗಿಲು ತಟ್ಟಿದಾಗ ಏಳುವುದು ನಮ್ಮೆಲ್ಲರ ಕೆಲಸ. ಪರಊರಿನಲ್ಲಿ ಸಂಘವೆಂದು ಕೂಡಿದುದಕ್ಕೆ ಅಷ್ಟಾದರೂ ಸಾರ್ಥಕವಾಗಲಿ.