ಬಾಣ ಹೋದ ಕಡೆಗೆ ಸೈಟು

(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅರ್ಜುನನು ಬನ್ನಿಯ ಮರದಿಂದ ಗಾಂಡೀವವನ್ನು ಇಳಿಸಿಕೊಂಡ ಕಥೆಯನ್ನು ನಾವು ಇದೇ ಶಾಲೆಯಲ್ಲಿ ಕೇಳಿದೆವು. ಆ ವರ್ಷ ದಸರೆಯ ಸೂಟಿಯಲ್ಲಿ ಬಿದಿರಿನ ಬಿಲ್ಲು, ಜೋಳದ ದಂಟಿನ ಬಾಣ ಮಾಡಿಕೊಂಡು ಹೊಲಕ್ಕೆ ಹೋದೆವು. ಒಂದು ಬಾಣವೂ ಗುರಿಗೆ ತಾಗಲಿಲ್ಲ. ಪ್ರತಿ ಬಾಣಕ್ಕೂ ನಿಲುವನ್ನೂ ಹಿಡಿತವನ್ನೂ ಬದಲಿಸುತ್ತಿದ್ದೆವು. ಅದೇ ನಮ್ಮ ತಪ್ಪೆಂದು ತಿಳಿಯಲು ಬಹಳ ವರ್ಷಗಳು ಬೇಕಾದವು.

ಒಲಿಂಪಿಕ್ಸ್‌ನಲ್ಲಿ ರಿಕರ್ವ್ ಬಿಲ್ಲಿನ ಗುರಿ 70 ಮೀಟರ್ ದೂರದಲ್ಲಿರುತ್ತದೆ. ಗುರಿಫಲಕದ ಅಗಲ 122 ಸೆಂಟಿಮೀಟರ್. ಅದರ ನಡುವಿನ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್. ಬಾಣವು ನೇರವಾಗಿ ಹೋಗುವುದಿಲ್ಲ. ಕಮಾನಾಗಿ ಏರಿ ಇಳಿಯುತ್ತದೆ. ಆದ್ದರಿಂದ ದೂರಕ್ಕೆ ತಕ್ಕಂತೆ ಬಿಲ್ಲನ್ನು ಎಷ್ಟು ಎತ್ತಬೇಕೆಂಬುದನ್ನು ತೋರಿಸಲು ಬಿಲ್ಲಿಗೆ ಸೈಟು ಎಂಬ ಸಣ್ಣ ಸಾಧನವನ್ನು ಜೋಡಿಸುತ್ತಾರೆ. ಕಣ್ಣಿಗೂ ಸೈಟಿಗೂ ನಡುವೆ ಸುಮಾರು 90 ಸೆಂಟಿಮೀಟರ್ ಅಂತರವಿದ್ದರೆ, ಸೈಟು ಒಂದೇ ಮಿಲಿಮೀಟರ್ ಸರಿದರೂ 70 ಮೀಟರ್ ದೂರದಲ್ಲಿ ಬಾಣ ಸುಮಾರು ಎಂಟು ಸೆಂಟಿಮೀಟರ್ ಸರಿಯುತ್ತದೆ. ನಟ್ಟನಡುವೆ ನೆಡಬೇಕಾದ ಬಾಣವು ಹತ್ತರ ವೃತ್ತದಿಂದ ಹೊರಬೀಳಲು ಅಷ್ಟು ಸಾಕು.

ಇನ್ನು ಸೈಟನ್ನು ತಿದ್ದುವ ಬಗೆ. ಬಾಣಗಳು ಎಡಕ್ಕೆ ಹೋದರೆ ಸೈಟನ್ನು ಬಲಕ್ಕೆ ಸರಿಸಬೇಕೆಂದು ತೋರುವುದು ಸಹಜ. ಆದರೆ ಸರಿಸಬೇಕಾದುದು ಎಡಕ್ಕೆ! ಎಡಕ್ಕೆ ಸರಿದ ಸೈಟನ್ನು ಮತ್ತೆ ಗುರಿಯ ನಡುವಿಗೆ ತರುವಾಗ ಬಿಲ್ಲು ತಾನಾಗಿ ಬಲಕ್ಕೆ ತಿರುಗುತ್ತದೆ. ಮೇಲೆ ಹೋದರೆ ಮೇಲಕ್ಕೆ, ಕೆಳಗೆ ಹೋದರೆ ಕೆಳಕ್ಕೆ. ಬಾಣ ಹೋದ ಕಡೆಗೆ ಸೈಟು ಹೋಗಬೇಕು.

ಇದಕ್ಕೂ ಮೊದಲು ಇನ್ನೊಂದು ನಿಯಮವಿದೆ. ಒಂದು ಬಾಣವನ್ನು ಕಂಡು ಸೈಟನ್ನು ಮುಟ್ಟಬಾರದು. ಮೂರೋ ಆರೋ ಬಾಣಗಳನ್ನು ಒಂದೇ ರೀತಿಯಲ್ಲಿ ಬಿಟ್ಟು ನೋಡಬೇಕು. ಅವು ಫಲಕದ ತುಂಬ ಚದುರಿದ್ದರೆ ದೋಷ ನಿಲುವಿನಲ್ಲಿ, ಹೆದೆಯನ್ನು ಗದ್ದಕ್ಕೆ ತಾಗಿಸುವಲ್ಲಿ ಅಥವಾ ಬೆರಳು ಬಿಡುವಲ್ಲಿದೆ. ಅದನ್ನು ಅಭ್ಯಾಸವೇ ತಿದ್ದಬೇಕು. ಎಲ್ಲವೂ ಗುರಿಯಿಂದಾಚೆ ಒಂದೇ ಕಡೆ ಗುಂಪಾಗಿ ನೆಟ್ಟಿದ್ದರೆ ಮೊದಲು ಸೈಟನ್ನು ತಿದ್ದಿ ನೋಡಬೇಕು.

ನಾವು ಇಲ್ಲಿ ಕಲಿತು, ಮುಂದೆ ಗಡಿಭಾಗದ ಶಾಲೆಗಳಲ್ಲಿ ಕಲಿಸಿದವರು. ಒಬ್ಬ ಹುಡುಗ ಉಕ್ತಲೇಖನದಲ್ಲಿ ಇಪ್ಪತ್ತೈದು ಎಂದರೆ 52 ಎಂದೂ, ಮೂವತ್ತಾರು ಎಂದರೆ 63 ಎಂದೂ ಬರೆಯುತ್ತಿದ್ದ. ಲಕ್ಷ್ಯವಿಲ್ಲದ ಹುಡುಗನೆಂದು ನಾವು ಅವನನ್ನು ವರ್ಷವಿಡೀ ಬೈದೆವು. ಆತ ಸಂಜೆ ಅಂಗಡಿಯಲ್ಲಿ ಕುಳಿತು ಮರಾಠಿಯಲ್ಲಿ ಲೆಕ್ಕ ಹೇಳುತ್ತಿದ್ದನೆಂಬುದು ಆಮೇಲೆ ತಿಳಿಯಿತು. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ನಂತರ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ನಂತರ. ಅವನ ತಪ್ಪುಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು. ಹುಡುಗನ ಕೈ ಸ್ಥಿರವಾಗಿತ್ತು. ತಿದ್ದಬೇಕಾದುದು ನಮ್ಮ ಸೈಟನ್ನು. ಅದು ತಿಳಿಯುವ ಹೊತ್ತಿಗೆ ಅವನು ಶಾಲೆಯನ್ನೇ ಬಿಟ್ಟಿದ್ದ.

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿಯಿಷ್ಟೆ. ಒಂದು ಪರೀಕ್ಷೆಯ ಅಂಕಗಳನ್ನು ಕಂಡು ಮಗುವಿನ ಮಾಧ್ಯಮವನ್ನು ಬದಲಿಸಬೇಡಿರಿ. ಅದು ಒಂದೇ ಬಾಣ. ಶಿಕ್ಷಕ ಮಿತ್ರರೇ, ಮಗು ಮತ್ತೆ ಮತ್ತೆ ಒಂದೇ ತಪ್ಪನ್ನು ಮಾಡಿದರೆ ಬೈಯುವ ಮುನ್ನ ತಪ್ಪು ಹೋದ ದಿಕ್ಕನ್ನು ನೋಡಿರಿ.

ನಮ್ಮ ನೆರೆಯ ಸಾತಾರೆಯ ಅದಿತಿ ಸ್ವಾಮಿ 2023ರ ಆಗಸ್ಟ್‌ನಲ್ಲಿ, 17ನೆಯ ವಯಸ್ಸಿನಲ್ಲಿ, ಬರ್ಲಿನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾಂಪೌಂಡ್ ಬಿಲ್ಲಿನ ಮಹಿಳಾ ವಿಭಾಗವನ್ನು ಗೆದ್ದಳು. ಅದೇ ದಿನ ನಾಗಪುರದ ಓಜಸ್ ದೇವತಳೆ ಪುರುಷರ ಅಂತಿಮ ಪಂದ್ಯದಲ್ಲಿ 150ಕ್ಕೆ 150 ಅಂಕ ಪಡೆದ: ಹದಿನೈದು ಬಾಣ, ಹದಿನೈದೂ ಹತ್ತು. ಅವರ ಬಿಲ್ಲಿನ ಸೈಟಿಗೆ ಮಸೂರವಿರುತ್ತದೆ, ಹೆದೆಯಲ್ಲಿ ಇಣುಕುಕಿಂಡಿಯಿರುತ್ತದೆ. ಆದರೂ ಪ್ರತಿ ಸಲವೂ ಒಂದೇ ರೀತಿ ನಿಲ್ಲುವ ಶರೀರವಿಲ್ಲದಿದ್ದರೆ ಆ ಸಾಧನಗಳು ವ್ಯರ್ಥ.

ನೂರು ವರ್ಷ ಒಂದೇ ನೆಲದಲ್ಲಿ ಸ್ಥಿರವಾಗಿ ನಿಂತಿದೆ ಈ ಶಾಲೆ. ಸೈಟನ್ನು ಕಾಲಕಾಲಕ್ಕೆ ತಿದ್ದಿಕೊಳ್ಳುವ ವಿನಯವೂ ನಮಗಿರಲಿ.